ಕೊರ್ದೊಬಾದ ಮಿಂಚುಹುಳ

ಹೋದ ತಿಂಗಳು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಸ್ಟೇರಿಂಗ್ ನನ್ನ ಕೈಯಲ್ಲಿ, ಹಾಗಾಗಿ ಹಾಡು ಹಚ್ಚುವ ಹಕ್ಕೂ ನನ್ನದೇ. ಶಿರಾ ದಾಟಿದ ಮೇಲೆ ಫ್ರಿಕ್‌ಸ್ಟೈಲರ್ಸ್ ಅನ್ನುವ ಅರ್ಜೆಂಟೀನಾದ ಜೋಡಿಯ ಒಂದು ಇಪಿ (ಕೆಲವೇ ಹಾಡಿನ ಸಣ್ಣ ಆಲ್ಬಂ) ಹಾಕಿದೆ. ಪಕ್ಕದ ಸೀಟಿನ ದೋಸ್ತ ಎರಡು ನಿಮಿಷ ತಡೆದುಕೊಂಡ. ಆಮೇಲೆ ಬಾಯಿಬಿಟ್ಟ: “ಏನಲೇ ಇದು, ಗಣಪತಿ ಮೆರವಣಿಗಿ ಡಿಜೆ ಹಚ್ಚೀಯಲ್ಲ!”

ಇವನು ಶನಿವಾರ ಬಂತೆಂದರೆ ಎರಡು ಸಾವಿರ ಕೊಟ್ಟು, ಕೈಗೆ ಪಟ್ಟಿ ಕಟ್ಟಿಸಿಕೊಂಡು, ಕತ್ತಲ ಕೋಣೆಯಲ್ಲಿ ನಾಲ್ಕು ತಾಸು ಟೆಕ್ನೋಗೆ, ಅಂದರೆ ಒಂದೇ ಸಮನೆ ಬಡಿಯುವ ಯಂತ್ರದ ಸಂಗೀತಕ್ಕೆ, ತಲೆ ಆಡಿಸುವ ಆಸಾಮಿ. ‘ಅಂಡರ್‌ಗ್ರೌಂಡ್’ ಅನ್ನುವ ಪದವನ್ನು ದಿನಕ್ಕೆ ಹತ್ತು ಸಲ ಬಳಸುತ್ತಾನೆ.

“ಹೌದಲೇ, ಮೆರವಣಿಗಿ ಡಿಜೆನ ಐತಿ ಇದು,” ಅಂದೆ. ಅವನು ತಮಾಷೆ ಅಂದುಕೊಂಡ. ಅಲ್ಲಿಂದ ಶುರುವಾದ ಜಗಳ ಹಾವೇರಿಯ ಚಹಾದಂಗಡಿವರೆಗೂ ಮುಗಿಯಲಿಲ್ಲ. ಗಾಡಿ ಓಡಿಸುತ್ತಾ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಅರ್ಜೆಂಟೀನಾದ ಎಲೆಕ್ಟ್ರಾನಿಕ್ ಸಂಗೀತ ಅಂದರೆ ನನ್ನ ದೋಸ್ತನಂಥವರಿಗೆ ಹೊಳೆಯುವುದು ಒಂದೇ ಹೆಸರು, ಹೆರ್ನಾನ್ ಕಟ್ಟಾನಿಯೊ. ತಪ್ಪೇನಲ್ಲ. ಪ್ರೋಗ್ರೆಸಿವ್ ಹೌಸ್ ಅನ್ನುವ, ನಿಧಾನವಾಗಿ ಏರುತ್ತಾ ಹೋಗುವ ಕ್ಲಬ್ ಸಂಗೀತದಲ್ಲಿ ಅವರು ದೊಡ್ಡ ಗುರು. 2018ರಲ್ಲಿ ಬ್ಯೂನೋಸ್ ಐರಿಸ್‌ನ ಟಿಯಾಟ್ರೊ ಕೊಲೋನ್ ಒಳಗೆ ವಾದ್ಯವೃಂದದ ಜೊತೆ ನುಡಿಸಿದರು. 1908ರ ಆ ಒಪೆರಾ ಮಂದಿರದಲ್ಲಿ ಒಬ್ಬ ಡಿಜೆ ನಿಲ್ಲುವುದು ಸಣ್ಣ ಸಂಗತಿಯಲ್ಲ. ನನಗೂ ಅವರ ಸಂಗೀತ ಇಷ್ಟ, ರಾತ್ರಿ ಕೆಲಸ ಮಾಡುವಾಗ ಕೇಳುತ್ತೇನೆ. ಒಂದೇ ತಕರಾರು. ಕಣ್ಣು ಮುಚ್ಚಿ ಕೇಳಿದರೆ ಅದು ಯಾವ ಊರಿನದು ಅಂತ ಹೇಳಲು ಬರುವುದಿಲ್ಲ. ಲಂಡನ್ ಇರಬಹುದು, ಟೆಲ್ ಅವೀವ್ ಇರಬಹುದು, ನಮ್ಮ ಇಂದಿರಾನಗರವೂ ಇರಬಹುದು.

ಫ್ರಿಕ್‌ಸ್ಟೈಲರ್ಸ್ ಹಾಗಲ್ಲ. ರಾಫಾ ಕೈವಾನೊ ಮತ್ತು ಲಿಸಾಂದ್ರೊ ಸೋನಾ, ಇಬ್ಬರೂ ಕೊರ್ದೊಬಾ ಊರಿನ ಹುಡುಗರು. ಬ್ಯಾಂಡಿನ ಹೆಸರೇ ಒಂದು ಕೀಟಲೆ. ‘ಫ್ರೀಕ್’ ಮತ್ತು ‘ಸ್ಟೈಲರ್ಸ್’ ಎಂಬ ಇಂಗ್ಲಿಷ್ ಪದಗಳನ್ನು ಸ್ಪ್ಯಾನಿಷ್ ಕಿವಿಗೆ ಕೇಳಿಸಿದ ಹಾಗೆ ಸ್ಪ್ಯಾನಿಷ್ ಕಾಗುಣಿತದಲ್ಲಿ ಬರೆದುಕೊಂಡಿದ್ದಾರೆ. ನಮ್ಮ ಆಟೋಗಳ ಹಿಂದೆ ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ಬರೆಸುತ್ತಾರಲ್ಲ, ಆ ತರಹ. ವೇದಿಕೆ ಮೇಲೆ ಕಣ್ಣು ಮುಚ್ಚುವಷ್ಟು ಜೋತುಬಿದ್ದ, ಝಗಝಗ ಬಣ್ಣದ ವಿಗ್ ಹಾಕಿಕೊಂಡು ನಿಲ್ಲುತ್ತಾರೆ. ಜಾತ್ರೆಯಲ್ಲಿ ಸೋಗು ಹಾಕಿದವರ ಹಾಗೆ ಕಾಣುತ್ತಾರೆ. ಟೆಕ್ನೋದವರ ಕಪ್ಪು ಟೀ-ಶರ್ಟಿನ ಗಾಂಭೀರ್ಯ ಇವರಲ್ಲಿ ಹುಡುಕಿದರೂ ಸಿಗಲ್ಲ.

ಇವರನ್ನು ಕೇಳುವ ಮುಂಚೆ ಇವರ ಊರಿನ ಬಗ್ಗೆ ಒಂದಿಷ್ಟು ಹೇಳಬೇಕು. ಕೊರ್ದೊಬಾದಲ್ಲಿ 1613ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇದೆ. ಅದಕ್ಕೇ ಆ ಊರಿಗೆ ‘ಲಾ ದೊಕ್ತಾ’ ಅಂತ ಅಡ್ಡಹೆಸರು. ಪಂಡಿತರ ಊರು ಅನ್ನಿ, ನಮ್ಮ ಧಾರವಾಡದ ಹಾಗೆ. ಆದರೆ ಅದೇ ಊರಿನ ಸಾಮಾನ್ಯ ಜನ ಕುಣಿಯುವುದು ಕುವಾರ್ತೇತೊ ಅನ್ನುವ ಸಂಗೀತಕ್ಕೆ. 1943ರಲ್ಲಿ ಕುವಾರ್ತೇತೊ ಲಿಯೊ ಎಂಬ ನಾಲ್ವರ ತಂಡದಿಂದ ಅದು ಹುಟ್ಟಿತು. ಅದರಲ್ಲಿ ಪಿಯಾನೋ ನುಡಿಸುತ್ತಿದ್ದವಳು ಲಿಯೊನೋರ್ ಮಾರ್ಸಾನೊ, ತಂಡದ ಹೆಸರಲ್ಲಿರುವ ‘ಲಿಯೊ’ ಇವಳದೇ. ಅಪ್ಪ ಡಬಲ್ ಬೇಸ್ ಹಿಡಿಯುತ್ತಿದ್ದ. ಎಡಗೈಯಲ್ಲಿ ಕೆಳಗಿನ ಒಂದು ಸ್ವರ, ಬಲಗೈಯಲ್ಲಿ ಮೇಲಿನ ಸ್ವರಗುಚ್ಛ. ತುಂಗ ತುಂಗ, ತುಂಗ ತುಂಗ. ಆ ಲಯದ ಹೆಸರೇ ‘ತುಂಗ-ತುಂಗ’! (ನಮ್ಮ ತುಂಗೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ವಾಟ್ಸ್ಯಾಪಿನವರು ದಯವಿಟ್ಟು ಶುರುಮಾಡಬೇಡಿ.) ಇಟಲಿ, ಸ್ಪೇನಿನಿಂದ ವಲಸೆ ಬಂದವರ ಕುಣಿತದ ಮಟ್ಟುಗಳು ಈ ಪಿಯಾನೋ ಲಯದ ಮೇಲೆ ಕುಳಿತು ಹಳ್ಳಿಹಳ್ಳಿಗೆ ಹೋದವು. ಆ ಊರಿನ ಲಾ ಮೋನಾ ಹಿಮೆನೆಸ್ ಎಂಬ ಗಾಯಕನಂತೂ ವೇದಿಕೆ ಮೇಲಿಂದ ಒಂದೊಂದು ಬಡಾವಣೆಗೆ ಒಂದೊಂದು ಕೈಸನ್ನೆ ಮಾಡುತ್ತಾನೆ. ತಮ್ಮ ಓಣಿಯ ಸನ್ನೆ ಬಂದಾಗ ಆ ಓಣಿಯವರು ಕುಣಿದು ಕುಪ್ಪಳಿಸುತ್ತಾರೆ. ಹೀಗಿದ್ದರೂ ಪಂಡಿತರ ಮನೆಗಳಲ್ಲಿ ಬಹಳ ಕಾಲ ಅದು ‘ಕೆಳಗಿನವರ’ ಸಂಗೀತವಾಗೇ ಉಳಿಯಿತು.

ಇನ್ನೊಂದು ಸಂಗೀತ ಕುಂಬಿಯಾ. ಹುಟ್ಟಿದ್ದು ಕೊಲಂಬಿಯಾದ ಕೆರಿಬಿಯನ್ ಕರಾವಳಿಯಲ್ಲಿ. ಮೂಲನಿವಾಸಿಗಳ ಕೊಳಲು, ಆಫ್ರಿಕಾದಿಂದ ಗುಲಾಮರಾಗಿ ಬಂದವರ ನಗಾರಿ, ಆಮೇಲೆ ಅಕಾರ್ಡಿಯನ್. ಅರ್ಜೆಂಟೀನಾಕ್ಕೆ ಅದನ್ನು ತಂದವರಲ್ಲಿ ಮುಖ್ಯರು ಲಾಸ್ ವಾವಾಂಕೊ, 1955ರಲ್ಲಿ ಲಾ ಪ್ಲಾಟಾ ಊರಿನಲ್ಲಿ ಓದುತ್ತಿದ್ದ ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಕಟ್ಟಿಕೊಂಡ ತಂಡ. ಹಾಸ್ಟೆಲ್ ಹುಡುಗರು ದೇಶಕ್ಕೊಂದು ಸಂಗೀತ ಅಂಟಿಸಿ ಹೋದರು!

ಕುಂಬಿಯಾದ ಪ್ರಾಣ ಇರುವುದು ಅದರ ಕೆರೆತದಲ್ಲಿ. ಗೀರು ಹಾಕಿದ ಒಣ ಸೋರೆಬುರುಡೆ ಅಥವಾ ಲೋಹದ ಕೊಳವೆಯನ್ನು ಕಡ್ಡಿಯಿಂದ ಕೆರೆಯುತ್ತಾರೆ. ಒಂದು ಉದ್ದ, ಎರಡು ಗಿಡ್ಡ. ಚ್ಸ್‌ಕ್ ಚಕ ಚ್ಸ್‌ಕ್ ಚಕ. ಒಮ್ಮೆ ಕಿವಿಗೆ ಹತ್ತಿದರೆ ಬಿಡುವುದಿಲ್ಲ, ಮಿಕ್ಸಿಯ ಸದ್ದಿನಲ್ಲೂ ಅದೇ ಕೇಳುತ್ತದೆ. ವೇಗ ನಿಮಿಷಕ್ಕೆ ಹೆಚ್ಚೂಕಡಿಮೆ 90ರಿಂದ 100 ಬಡಿತ. ಹೌಸ್, ಟೆಕ್ನೋ 120 ದಾಟಿಯೇ ಓಡುವುದು. ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಹಿಪ್‌ಹಾಪ್, ಜಮೈಕಾದ ಡ್ಯಾನ್ಸ್‌ಹಾಲ್, ರೆಗ್ಗಟೋನ್ ಎಲ್ಲ ಹೆಚ್ಚೂಕಡಿಮೆ ಕುಂಬಿಯಾದ ವೇಗದ ಆಸುಪಾಸಿನಲ್ಲೇ ಇವೆ. ಡಿಜೆಗೆ ಒಂದರ ಮೇಲೆ ಒಂದನ್ನು ಕೂರಿಸಲು ಜಾಸ್ತಿ ಎಳೆದಾಡಬೇಕಿಲ್ಲ. ಮುಂದೆ ಆಗಿದ್ದೂ ಅದೇ. ಮೈಯ ಲೆಕ್ಕವೂ ಬೇರೆ. 128ರಲ್ಲಿ ಜನ ಜಿಗಿಯುತ್ತಾರೆ, 95ರಲ್ಲಿ ಸೊಂಟ ತಾನಾಗೇ ತಿರುಗುತ್ತದೆ.

ತೊಂಬತ್ತರ ದಶಕದ ಕೊನೆಗೆ ಬ್ಯೂನೋಸ್ ಐರಿಸ್ ಸುತ್ತಲಿನ ಕೊಳೆಗೇರಿಗಳಲ್ಲಿ ಕುಂಬಿಯಾ ಮತ್ತೊಂದು ರೂಪ ತಾಳಿತು. ಅಲ್ಲಿ ಕೊಳೆಗೇರಿಗೆ ‘ವಿಜಾ’ ಅನ್ನುತ್ತಾರೆ, ಸಂಗೀತಕ್ಕೆ ‘ಕುಂಬಿಯಾ ವಿಜೇರಾ’. ಪಾಬ್ಲೊ ಲೆಸ್ಕಾನೊ ಕೀಬೋರ್ಡನ್ನು ಗಿಟಾರ್ ಹಾಗೆ ಕೊರಳಿಗೆ ಹಾಕಿಕೊಂಡು ದಾಮಾಸ್ ಗ್ರಾತಿಸ್ ಎಂಬ ತಂಡ ಕಟ್ಟಿದ. ಮಾದಕವಸ್ತು, ಪೊಲೀಸು, ಜೈಲು, ಖಾಲಿ ಜೇಬು. ಸುತ್ತ ಕಂಡದ್ದನ್ನೇ ಹಾಡಿದರು. ಸರ್ಕಾರಕ್ಕೆ ಇದು ಸರಿಬರಲಿಲ್ಲ. 2001ರಲ್ಲಿ ಪ್ರಸಾರ ನಿಯಂತ್ರಣ ಸಂಸ್ಥೆ ಕೊಂಫೆರ್, ಕುಂಬಿಯಾ ವಿಜೇರಾ ಹಾಡಿನ ಸಾಹಿತ್ಯವನ್ನು ಹೇಗೆ ಅಳೆಯಬೇಕು ಅಂತ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಒಂದು ಸಂಗೀತ ಪ್ರಕಾರಕ್ಕಾಗಿಯೇ ಸರ್ಕಾರಿ ಕಡತ! ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ಯಾಂಕಿನಿಂದ ದುಡ್ಡು ತೆಗೆಯಲು ಸರ್ಕಾರ ಮಿತಿ ಹಾಕಿತು, ಜನ ಪಾತ್ರೆ ಬಡಿಯುತ್ತಾ ಬೀದಿಗಿಳಿದರು, ಅಧ್ಯಕ್ಷ ಹೆಲಿಕಾಪ್ಟರ್ ಹತ್ತಿ ಹೋದ. ಒಂದು ಪೆಸೊಗೆ ಒಂದು ಡಾಲರ್ ಅಂತ ಹತ್ತು ವರ್ಷ ಹಿಡಿದಿಟ್ಟಿದ್ದ ದರ ಮುಂದಿನ ಜನವರಿಯಲ್ಲಿ ಬಿತ್ತು. ಬಿದ್ದದ್ದು ಮತ್ತೆ ಏಳಲಿಲ್ಲ.

ಡಾಲರ್ ಕೈಗೆ ಸಿಗದಿದ್ದಾಗ ಹೊರದೇಶದ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡು), ಡ್ರಮ್ ಮಷೀನ್, ರೆಕಾರ್ಡು ಎಲ್ಲ ಕನಸೇ. ಉಳಿಯುವುದು ಮನೆಯ ಹಳೆ ಕಂಪ್ಯೂಟರ್, ಯಾರೋ ಸಿಡಿಯಲ್ಲಿ ಹಾಕಿಕೊಟ್ಟ ಸಾಫ್ಟ್‌ವೇರ್, ಪಕ್ಕದ ಓಣಿಯಿಂದ ಕೇಳಿಬರುವ ಕುಂಬಿಯಾ. ಹೀಗೆ ಕಂಪ್ಯೂಟರಿನಲ್ಲಿ ಕಟ್ಟಿದ ‘ಡಿಜಿಟಲ್ ಕುಂಬಿಯಾ’ ಯಾವ ಮಹಾನ್ ಸಿದ್ಧಾಂತದಿಂದಲೂ ಬಂದದ್ದಲ್ಲ ಅಂತ ನನ್ನ ಅಂದಾಜು. ಅಡುಗೆಮನೆಯಲ್ಲಿ ಏನಿತ್ತೋ ಅದರಲ್ಲೇ ಮಾಡಿದ ಸಾರು ಅದು.

ನಡುವೆ ಒಂದು ದುರಂತವೂ ಆಯಿತು. 2004ರ ಡಿಸೆಂಬರ್ 30ರ ರಾತ್ರಿ ರೆಪೂಬ್ಲಿಕಾ ಕ್ರೊಮಾನ್ಯೋನ್ ಎಂಬ ಕ್ಲಬ್ಬಿನಲ್ಲಿ ರಾಕ್ ಕಾರ್ಯಕ್ರಮದ ವೇಳೆ ಯಾರೋ ಹಚ್ಚಿದ ಪಟಾಕಿಯಿಂದ ಚಾವಣಿಗೆ ಬೆಂಕಿ ಹತ್ತಿ 194 ಜನ ಸತ್ತರು. ಆಮೇಲೆ ತಪಾಸಣೆ, ಬೀಗ, ಹೊಸ ನಿಯಮ. ಬ್ಯೂನೋಸ್ ಐರಿಸ್‌ನಲ್ಲಿ ಸಂಗೀತ ನುಡಿಸಲು ಜಾಗವೇ ಕಡಿಮೆಯಾಯಿತು. ಹಾಗಿದ್ದ ಊರಿನಲ್ಲಿ 2006ರಲ್ಲಿ ಮೂವರು ಸೇರಿ ವಾರಕ್ಕೊಂದು ರಾತ್ರಿಯ ಪಾರ್ಟಿ ಶುರುಮಾಡಿದರು. ಅಮೆರಿಕದಿಂದ ಬಂದು ನೆಲೆಸಿದ್ದ ಗ್ರಾಂಟ್ ಡಲ್, ಜೊತೆಗೆ ವಿಜಾ ಡಿಯಾಮಾಂತೆ ಮತ್ತು ಡಿಜೆ ನಿಮ್ ಎಂಬ ಹೆಸರಿನ ಇಬ್ಬರು ಸ್ಥಳೀಯರು. ಪಾರ್ಟಿಗೆ ಇಟ್ಟ ಹೆಸರು ‘ಜಿಜೆಕ್’. ಹೌದು, ಸ್ಲೊವೇನಿಯಾದ ತತ್ವಶಾಸ್ತ್ರಜ್ಞನದೇ ಹೆಸರು. ನಮ್ಮಲ್ಲಿ ಆರ್ಕೆಸ್ಟ್ರಾಗೆ ಯಾರಾದರೂ ತತ್ವಜ್ಞಾನಿಯ ಹೆಸರಿಟ್ಟರೆ ಏನಾಗಬಹುದು ಯೋಚಿಸಿ, ಮೊದಲ ದಿನವೇ ಎರಡು ಸಂಘದವರು ಮನವಿಪತ್ರ ಕೊಡುತ್ತಾರೆ.

ಆ ಪಾರ್ಟಿಯೇ ಒಂದು ಪ್ರಯೋಗಶಾಲೆ ಆಯಿತು. ಮನೆಯಲ್ಲಿ ಏನೋ ಕುಟ್ಟಿ ಮಾಡಿದ ಟ್ರ್ಯಾಕನ್ನು ತಂದು ಹಾಕಿ ನೋಡಬಹುದಿತ್ತು, ಜನ ಕುಣಿದರೆ ಸರಿ, ಇಲ್ಲದಿದ್ದರೆ ಮನೆಗೆ ಹೋಗಿ ತಿದ್ದಬಹುದಿತ್ತು. 2008ರಲ್ಲಿ ಅದರಿಂದಲೇ ಝಡ್‌ಝಡ್‌ಕೆ ರೆಕಾರ್ಡ್ಸ್ ಎಂಬ ಲೇಬಲ್, ಅಂದರೆ ಹಾಡು ಹೊರತರುವ ಕಂಪನಿ, ಹುಟ್ಟಿತು. ಮೊದಲ ಸಂಕಲನದ ಹಣೆಬರಹದಲ್ಲೇ ‘ಕುಂಬಿಯಾ ಡಿಜಿಟಲ್’ ಅಂತಿದೆ. ಮೆಂಡೋಸಾ ಕಡೆಯ ಫೌನಾ ಎಂಬ ಇನ್ನೊಂದು ಜೋಡಿಯ ಆಲ್ಬಂ, ಚಾಂಚಾ ವಿಯಾ ಸಿರ್ಕುಯಿತೊ ಎಂಬಾತನ ಮೊದಲ ಆಲ್ಬಂ ಎರಡೂ ಅದೇ ವರ್ಷದವು. ಸೂಪರ್ ಗುವಾಚೀನ್ ಅನ್ನುವವನು ಆಟಿಕೆ ವಿಡಿಯೋಗೇಮಿನ ಸದ್ದಿನಲ್ಲೇ ಕುಂಬಿಯಾ ಮಾಡಿದ. ಕೇಳಿದರೆ ನಗು ಬರುತ್ತದೆ, ಕಾಲು ಮಾತ್ರ ನಿಲ್ಲುವುದಿಲ್ಲ.

ಫ್ರಿಕ್‌ಸ್ಟೈಲರ್ಸ್ ಈ ಗುಂಪಿಗೆ ಸೇರಿದ್ದು ರಾಜಧಾನಿಯಿಂದ ಅಲ್ಲ, ಕೊರ್ದೊಬಾದಿಂದ. ಅವರ ಮೊದಮೊದಲ ಬಿಡುಗಡೆಗಳಲ್ಲಿ ಒಂದು ‘ಬಿಚೊ ದೆ ಲುಸ್’ ಎಂಬ ಇಪಿ. ಕಾರಿನಲ್ಲಿ ನಾನು ಹಾಕಿದ್ದು ಅದನ್ನೇ. ಪದಕ್ಕೆ ಪದ ಹಿಡಿದರೆ ‘ಬೆಳಕಿನ ಹುಳ’. ನಾವು ಮಿಂಚುಹುಳ ಅನ್ನುತ್ತೇವೆ. ಹೆಸರಿಗೆ ತಕ್ಕ ಸಂಗೀತ. ಕೆಳಗೆ ಕುಂಬಿಯಾದ ಕೆರೆತ ನಡೆದೇ ಇರುತ್ತದೆ, ಡ್ಯಾನ್ಸ್‌ಹಾಲ್‌ನ ದಪ್ಪ ಬೇಸ್ ಹೊಟ್ಟೆಗೆ ಗುದ್ದುತ್ತದೆ, ಅದರ ಮೇಲೆ ಪುಟ್ಟ ಪುಟ್ಟ ಸಿಂಥ್ ಸದ್ದುಗಳು ಮಿಂಚಿ ಮಾಯವಾಗುತ್ತವೆ. ಎಲ್ಲಿ ಮಿಂಚುತ್ತದೆ ಅಂತ ನೋಡುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಮಿಂಚಿರುತ್ತದೆ. ಟೆಕ್ನೋದವರು ಒಂದು ಸದ್ದನ್ನು ಆರು ನಿಮಿಷ ಬೇಯಿಸುತ್ತಾರೆ. ಇವರು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದ ಹಾಗೆ. ಸಾಸಿವೆ ಸಿಡಿಯಿತು, ಕಡಲೆಬೀಜ ಬಿತ್ತು, ಮುಗಿಯಿತು.

ನಾನು ಇವರನ್ನು ‘ಅಂಡರ್‌ಗ್ರೌಂಡ್’ ಅನ್ನುವುದು ಯಾಕೆ? ಇದೇ ನಮ್ಮ ಜಗಳದ ಮೂಲ. ದೋಸ್ತನ ಪ್ರಕಾರ ಅಂಡರ್‌ಗ್ರೌಂಡ್ ಅಂದರೆ ಯಾರಿಗೂ ಗೊತ್ತಿಲ್ಲದ್ದು, ಹಾಗೂ ಗೊತ್ತಿರುವ ನಾಲ್ಕು ಜನ ತಮ್ಮನ್ನು ತಾವು ಮೆಚ್ಚಿಕೊಳ್ಳುವಂಥದ್ದು. ಅವನು ಕೇಳುವ ಹಾಡುಗಳು 300 ಪ್ರತಿಯ ವಿನೈಲ್‌ನಲ್ಲಿ (ಗ್ರಾಮಫೋನ್ ತಟ್ಟೆಯಲ್ಲಿ) ಬರುತ್ತವಂತೆ. ಬರಲಿ, ಸಂತೋಷ. ಆದರೆ ಕುಂಬಿಯಾ ಯಾರಿಗೂ ಗೊತ್ತಿಲ್ಲದ್ದು ಆಗಿರಲೇ ಇಲ್ಲ. ಊರಿನಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿದ್ದದ್ದೇ ಅದು, ಬಸ್ಸಿನಲ್ಲಿ, ಮದುವೆಯಲ್ಲಿ, ಗೋಡೆಯಾಚೆ. ಮೇಲಿನವರು ಕಿವಿ ಮುಚ್ಚಿಕೊಂಡಿದ್ದರಿಂದ ಅದು ನೆಲದಡಿಗೆ ಹೋಯಿತು. ಹಾಗೆ ಮುಚ್ಚಿಟ್ಟದ್ದನ್ನು ಕ್ಲಬ್ಬಿನ ದೊಡ್ಡ ಸ್ಪೀಕರಿಗೆ ತಂದು ಹಾಕುವುದಕ್ಕೆ, ಅಪರೂಪದ ವಿನೈಲ್ ಬಚ್ಚಿಡುವುದಕ್ಕಿಂತ ಜಾಸ್ತಿ ಎದೆಗಾರಿಕೆ ಬೇಕು.

ದುಡ್ಡಿನ ವಿಷಯವೂ ಇದೆ. ಇಂಥ ಸಂಗೀತಗಾರರು ಇಪಿ ಮೇಲೆ ಇಪಿ ಬಿಡುವುದು ಯಾಕೆ, ದೊಡ್ಡ ಆಲ್ಬಂ ಯಾಕೆ ಇಲ್ಲ ಅಂತ ಕೇಳುತ್ತಾರೆ. 2023ರಲ್ಲಿ ಅರ್ಜೆಂಟೀನಾದ ಹಣದುಬ್ಬರ 211 ಪ್ರತಿಶತ. ಅಂಥ ದೇಶದಲ್ಲಿ ಎರಡು ವರ್ಷ ಕೂತು ಆಲ್ಬಂ ಮಾಡುವುದೆಂದರೆ ಮಂಜುಗಡ್ಡೆ ಕೂಡಿಡುವ ಹಾಗೆ. ಮೂರು ಟ್ರ್ಯಾಕ್ ಆದವೋ, ಬಿಡು. ಯಾರೋ ರೀಮಿಕ್ಸ್ ಮಾಡಲಿ, ಯಾವನೋ ಡಿಜೆ ಬೆರ್ಲಿನ್‌ನಲ್ಲಿ ನುಡಿಸಲಿ, ಅಲ್ಲಿಂದ ಒಂದು ಕಾರ್ಯಕ್ರಮದ ಕರೆ ಬರಲಿ. ರೆಕಾರ್ಡು ವಿಸಿಟಿಂಗ್ ಕಾರ್ಡು, ಸಂಪಾದನೆ ಏನಿದ್ದರೂ ವೇದಿಕೆಯಲ್ಲಿ, ಅದೂ ಬಹುತೇಕ ಹೊರದೇಶದ್ದು. ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಒಂದು ಇಪಿ ಕೊಂಡರೆ ಆ ಕಂಪನಿ 15 ಪ್ರತಿಶತ, ಜೊತೆಗೆ ಹಣ ಪಾವತಿಯ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತದೆ. ನನಗೆ ಅದು ಒಂದು ಮಸಾಲೆ ದೋಸೆ, ಎರಡು ಕಾಫಿಯ ಖರ್ಚು. ಅಲ್ಲಿಯವರಿಗೆ ಕರಗದ ಡಾಲರು. ಕೇಳಿ ಸುಮ್ಮನಾಗುವ ಬದಲು ಕೊಂಡುಕೊಳ್ಳಿ ಅಂತ ನಾನು ಎಲ್ಲರಿಗೂ ಗಂಟುಬೀಳುವುದು ಇದಕ್ಕೇ.

ಫ್ರಿಕ್‌ಸ್ಟೈಲರ್ಸ್ ಕೂಡ ಕೊನೆಗೆ ಮೆಕ್ಸಿಕೊ ನಗರಕ್ಕೆ ಹೋಗಿ ನೆಲೆಸಿದರು. ಅದಕ್ಕೆ ಬೇಸರ ಮಾಡಿಕೊಳ್ಳಬೇಕಿಲ್ಲ, ಕುಂಬಿಯಾಕ್ಕೆ ಅದೂ ತವರೇ. ಅಲ್ಲಿನ ಮಾಂಟೆರೇ ಊರಿನಲ್ಲಿ ಒಂದು ಕಥೆ ಇದೆ. ಸೌಂಡ್ ಸಿಸ್ಟಂ ನಡೆಸುತ್ತಿದ್ದ ಗೇಬ್ರಿಯಲ್ ದುಯೆನ್ಯೆಸ್ ಎಂಬಾತ ಪಾರ್ಟಿಯೊಂದರಲ್ಲಿ ಹಾಡು ಹಾಕಿದ್ದಾಗ ಯಂತ್ರ ಬಿಸಿಯಾಗಿ ನಿಧಾನ ತಿರುಗತೊಡಗಿತಂತೆ. ಎಳೆದೆಳೆದು ಬರುತ್ತಿದ್ದ ಕುಂಬಿಯಾಕ್ಕೆ ಜನ ಇನ್ನೂ ಹುಚ್ಚೆದ್ದು ಕುಣಿದರಂತೆ. ‘ಕುಂಬಿಯಾ ರೆಬಾಹಾದಾ’, ಅಂದರೆ ಇಳಿಸಿದ ಕುಂಬಿಯಾ, ಅನ್ನುವ ಪ್ರಕಾರವೇ ಹಾಗೆ ಹುಟ್ಟಿತು ಅನ್ನುತ್ತಾರೆ. ಕೆಟ್ಟ ಮೋಟಾರಿನಿಂದ ಒಂದು ಸಂಗೀತ!

ಹಾಗಂತ ಇವರನ್ನು ತಲೆ ಮೇಲೆ ಹೊತ್ತು ಮೆರೆಸುವುದಕ್ಕೂ ನನಗೆ ಮನಸ್ಸಿಲ್ಲ. ದೋಸ್ತ ಕಾರಿನಲ್ಲಿ ಒಂದು ಒಳ್ಳೆ ಪ್ರಶ್ನೆ ಕೇಳಿದ: “ಓಣಿ ಹುಡುಗ್ರು ಹಾಡಿದ್ರ ಸರ್ಕಾರ ಬಾಯಿ ಮುಚ್ಚಿಸ್ತು, ಇವ್ರು ವಿಗ್ ಹಾಕ್ಕೊಂಡು ಅದನ್ನ ಮಾಡಿದ್ರ ಯುರೋಪಿಗೆ ವಿಮಾನದ ಟಿಕೆಟ್ ಸಿಗ್ತಾವು. ಇದು ನ್ಯಾಯ ಏನು?” ನ್ಯಾಯ ಅಲ್ಲ. ಡಿಜಿಟಲ್ ಕುಂಬಿಯಾ ಬಹುತೇಕ ಮಧ್ಯಮ ವರ್ಗದ, ಓದಿದ ಹುಡುಗರ ಕೆಲಸ. ಕೊಳೆಗೇರಿಯ ಹಾಡಿನಿಂದ ಅವರು ಲಯ ತೆಗೆದುಕೊಂಡರು, ಸಿಟ್ಟನ್ನು ಅಲ್ಲೇ ಬಿಟ್ಟರು. ಜೈಲಿನ ಬಗ್ಗೆ, ಪೊಲೀಸರ ಬಗ್ಗೆ ಇದ್ದ ಮಾತು ಹೋಗಿ ಸಿಂಥ್‌ನ ಚೇಷ್ಟೆ ಬಂತು. ಚಾಂಚಾ ವಿಯಾ ಸಿರ್ಕುಯಿತೊ ಮಾಡಿದ ಹೊಸೆ ಲರ್ರಾಲ್ದೆಯ ಹಳೆ ಹಾಡಿನ ರೀಮಿಕ್ಸ್ 2013ರಲ್ಲಿ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯಲ್ಲಿ ಬಂತು, ಜಗತ್ತೇ ಕೇಳಿತು. ಲೆಸ್ಕಾನೊನ ಹಾಡಿಗೆ ಅಂಥ ಬಾಗಿಲು ತೆರೆದದ್ದು ನನಗಂತೂ ಗೊತ್ತಿಲ್ಲ.

ಆದರೂ ನಾನು ಫ್ರಿಕ್‌ಸ್ಟೈಲರ್ಸ್ ಪರ ನಿಲ್ಲುವುದು ಒಂದು ಕಾರಣಕ್ಕೆ. ಅವರು ಕುಂಬಿಯಾವನ್ನು ‘ಉದ್ಧಾರ’ ಮಾಡಲು ಹೋಗಲಿಲ್ಲ. ಪಿಟೀಲು ಸೇರಿಸಿ, ಮಂದ್ರದಲ್ಲಿ ಎಳೆದು, ಸಭ್ಯರ ಸಭಾಂಗಣಕ್ಕೆ ಒಪ್ಪುವ ಹಾಗೆ ಇಸ್ತ್ರಿ ಮಾಡಲಿಲ್ಲ. ಅಗ್ಗದ ಕೀಬೋರ್ಡಿನ ಕಿರಿಕಿರಿ, ಆಟಿಕೆಯ ಪೀಪಿ, ‘ಇದೇನು ಛೀ’ ಅನಿಸುವ ಸದ್ದು, ಎಲ್ಲವನ್ನೂ ಹಾಗೇ ಇಟ್ಟುಕೊಂಡರು. ಇನ್ನೂ ಜಾಸ್ತಿಯೇ ಮಾಡಿದರು. ಅದಕ್ಕೇ ನನ್ನ ದೋಸ್ತನಿಗೆ ಎರಡನೇ ನಿಮಿಷದಲ್ಲಿ ಗಣಪತಿ ಮೆರವಣಿಗೆ ನೆನಪಾಗಿದ್ದು. ಕಟ್ಟಾನಿಯೊ ಹಾಕಿದ್ದರೆ ‘ಕ್ಲಾಸ್’ ಅಂತಿದ್ದ, ನಿದ್ದೆ ಮಾಡ್ತಿದ್ದ.

ನಮ್ಮ ಕಡೆಯ ಡಿಜೆ ಜಾನಪದ ಹಾಡುಗಳ ಬಗ್ಗೆ ಇಷ್ಟೇ ಹೇಳುತ್ತೇನೆ. ಹಲಗಿ ಪೆಟ್ಟು, ಕೀಬೋರ್ಡು, ಗಡಸು ದನಿ, ಯೂಟ್ಯೂಬಿಗೆ ನೇರ ಬಿಡುಗಡೆ. ಉತ್ತರ ಕರ್ನಾಟಕದ ಹುಡುಗರು ಟ್ರ್ಯಾಕ್ಟರ್ ಮೇಲೆ ಕೂತು ಕೇಳುವ ಆ ಹಾಡುಗಳನ್ನು ಬೆಂಗಳೂರಿನ ನಮ್ಮ ಸಂಗೀತಪ್ರೇಮಿಗಳ ಗುಂಪಿನಲ್ಲಿ ಯಾರೂ ಒಂದು ಸಾಲಿನಲ್ಲೂ ಪ್ರಸ್ತಾಪಿಸಿದ್ದು ನಾನು ನೋಡಿಲ್ಲ. ಬಹಳಷ್ಟು ಹಾಡು ಕಳಪೆ, ಕೆಲವು ಹೆಣ್ಣುಮಕ್ಕಳ ಬಗ್ಗೆ ಅಸಹ್ಯ. ಕೆಲವು ಮಾತ್ರ ಕೇಳಿದರೆ ಮೈ ಝುಂ ಅನ್ನುತ್ತದೆ. ಮಧ್ಯರಾತ್ರಿ ಕಿಟಕಿ ಗಾಜು ನಡುಗಿಸುವುದನ್ನು ನಾನು ಸಮರ್ಥಿಸುತ್ತಿಲ್ಲ, ನಮ್ಮ ಅವ್ವನಿಗೂ ಬಿಪಿ ಐತಿ. ಶಬ್ದದ ತಕರಾರು ಬೇರೆ, ಸಂಗೀತದ ತಕರಾರು ಬೇರೆ. ನಾವು ಮೊದಲನೆಯದರ ಹಿಂದೆ ಎರಡನೆಯದನ್ನು ಅಡಗಿಸುತ್ತೇವೆ ಅಂತ ಮಾತ್ರ ನನ್ನ ಅನುಮಾನ.

ಕೇಳಬೇಕು ಅನ್ನುವವರಿಗೆ: ಮೊದಲು ಕುವಾರ್ತೇತೊ ಲಿಯೊ ಹಳೆ ರೆಕಾರ್ಡಿಂಗ್ ಒಂದೆರಡು ಕೇಳಿ, ಪಿಯಾನೋದ ಎಡಗೈ ಹಿಡಿಯಿರಿ. ಆಮೇಲೆ ದಾಮಾಸ್ ಗ್ರಾತಿಸ್. ಆಮೇಲೆ ಝಡ್‌ಝಡ್‌ಕೆಯ ಮೊದಲ ಸಂಕಲನ, ಕೊನೆಗೆ ಮಿಂಚುಹುಳ. ಸೀದಾ ಕೊನೆಗೇ ಹಾರಿದರೆ ಅದು ಬರೀ ತಮಾಷೆ ಅನಿಸಬಹುದು. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಬೇಸ್ ಇಲ್ಲದ ಕುಂಬಿಯಾ ಉಪ್ಪಿಲ್ಲದ ಉಪ್ಪಿಟ್ಟು. ಕಾರು ಇದ್ದರೆ ಕಾರಿನಲ್ಲೇ ಕೇಳಿ.

ದೋಸ್ತ ಇನ್ನೂ ಒಪ್ಪಿಲ್ಲ. ವಾಪಸ್ ಬರುವಾಗ ಸ್ಟೇರಿಂಗ್ ಅವನ ಕೈಯಲ್ಲಿತ್ತು. ಏಳು ತಾಸು, ಬರೀ ಟೆಕ್ನೋ.